ಇನ್‌ಹೇಲರ್ ಎಳೆದರೂ ಉಬ್ಬಸ ಇಳಿಯುತ್ತಿಲ್ಲ, ಬೀಡಿಯೂ ಬಿಟ್ಟಿಲ್ಲ: ಏನು ಮಾಡಲಿ?

ಪ್ರಶ್ನೆ: ನನಗೆ 43 ವರ್ಷ. ದಾವಣಗೆರೆಯ ಎಪಿಎಂಸಿ ಯಾರ್ಡ್‌ನಲ್ಲಿ ಒಂದು ದಲ್ಲಾಳಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಚಿಕ್ಕಂದಿನಿಂದ ಉಬ್ಬಸ ಇದೆ. ಇಪ್ಪತ್ತು ವರ್ಷದಿಂದ ಬೀಡಿ ಸೇದುತ್ತೇನೆ, ದಿನಕ್ಕೆ 12ರಿಂದ 15. ಡಾಕ್ಟ್ರು ಬೆಳಿಗ್ಗೆ ರಾತ್ರಿ ಎಳೆಯಲು ಇನ್‌ಹೇಲರ್ ಕೊಟ್ಟಿದ್ದಾರೆ, ಜೊತೆಗೆ ಡೆರಿಫಿಲಿನ್ ಮಾತ್ರೆ. ಆದರೂ ವಾರಕ್ಕೆ ಮೂರ್ನಾಲ್ಕು ರಾತ್ರಿ ಎದ್ದು ಕೂರುತ್ತೇನೆ. ಬೆಳಿಗ್ಗೆ ಒಂದು ಬೀಡಿ ಸೇದಿದರೆ ಕಫ ಸಡಿಲಾಗಿ ಎದೆ ಹಗುರ ಆಗುತ್ತದೆ. ಯಾರ್ಡ್ ತುಂಬ ಮೆಕ್ಕೆಜೋಳದ ಧೂಳು ಇರುವಾಗ ಬೀಡಿ ಒಂದನ್ನೇ ಬಿಟ್ಟರೆ ಏನು ಲಾಭ? ಸಿಗರೇಟಿಗೆ ಬದಲಾಯಿಸಿದರೆ ಸಾಕಾ? ಇಷ್ಟು ವರ್ಷ ಆದಮೇಲೆ ಬಿಟ್ಟರೆ ಶ್ವಾಸಕೋಶ ಸರಿಹೋಗುತ್ತಾ? 9 ವರ್ಷದ ಮಗಳಿಗೂ ಈಗ ರಾತ್ರಿ ಕೆಮ್ಮು ಶುರುವಾಗಿದೆ.

ಉತ್ತರ:

ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. ಅದಕ್ಕೂ ಮೊದಲು, ನೀವು ಪ್ರಶ್ನೆ ಅಂತ ಕೇಳದೆ ಸುಮ್ನೆ ಹೇಳಿಬಿಟ್ಟ ಒಂದು ಮಾತಿದೆ. ಇನ್‌ಹೇಲರ್ ಎಳೆಯುತ್ತಿದ್ದರೂ ರಾತ್ರಿ ಎದ್ದು ಕೂರುತ್ತೀರಿ ಅಂತ. ನನ್ನ ಪ್ರಕಾರ ಇಡೀ ವಿಷಯದ ಬುಡ ಅಲ್ಲೇ ಇದೆ. ಬೀಡಿ ನಿಮ್ಮ ಶ್ವಾಸಕೋಶ ಕೆಡಿಸುತ್ತಿದೆ ಅನ್ನುವುದು ನಿಮಗೂ ಗೊತ್ತು. ನೀವು ದುಡ್ಡು ಕೊಟ್ಟು ತರುವ ಔಷಧಿಯನ್ನೂ ಅದು ಕೆಲಸ ಮಾಡಲು ಬಿಡುತ್ತಿಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

ಅಸ್ತಮಾ ಇದ್ದವರ ಉಸಿರಿನ ಕೊಳವೆಗಳ ಒಳಗೋಡೆ ಸದಾ ಸ್ವಲ್ಪ ಊದಿಕೊಂಡೇ ಇರುತ್ತದೆ. ಧೂಳು, ಹೊಗೆ, ತಣ್ಣನೆ ಗಾಳಿ ತಾಗಿದರೆ ಸಾಕು, ಕೊಳವೆಯ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ತುಂಬುತ್ತದೆ, ಎದೆಯಲ್ಲಿ ಸುಂಯ್ ಅಂತ ಸದ್ದು ಶುರುವಾಗುತ್ತದೆ. ಬೆಳಿಗ್ಗೆ ರಾತ್ರಿಯ ಇನ್‌ಹೇಲರ್‌ನಲ್ಲಿರುವ ಸ್ಟಿರಾಯ್ಡ್ ಈ ಊತವನ್ನು ಇಳಿಸುತ್ತದೆ. ಹೊಗೆ ಸೇದದವರಲ್ಲಿ ಈ ಊತ ಹೆಚ್ಚಾಗಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳಿಂದ ಆಗುತ್ತದೆ. ಅದು ಸ್ಟಿರಾಯ್ಡ್‌ಗೆ ಬೇಗ ಬಗ್ಗುತ್ತದೆ. ಸೇದುವವರಲ್ಲಿ ನ್ಯೂಟ್ರೊಫಿಲ್ ಎಂಬ ಬೇರೆ ಕಣಗಳು ಬಂದು ಸೇರಿಕೊಳ್ಳುತ್ತವೆ. ಅವು ಸ್ಟಿರಾಯ್ಡ್‌ಗೆ ಅಷ್ಟಾಗಿ ಜಗ್ಗುವುದಿಲ್ಲ. ಸಾಲದ್ದಕ್ಕೆ, ಸ್ಟಿರಾಯ್ಡ್ ಜೀವಕೋಶದ ಒಳಗೆ ಕೆಲಸ ಮಾಡಲು ಎಚ್‌ಡಿಎಸಿ-2 ಎಂಬ ಒಂದು ಕಿಣ್ವದ ಸಹಾಯ ಬೇಕು. ಹೊಗೆ ಆ ಕಿಣ್ವವನ್ನೇ ಕುಗ್ಗಿಸುತ್ತದೆ. ಹಾಗಾಗಿ ಔಷಧಿ ಒಳಗೆ ಹೋದರೂ ಅದರ ಪೂರ್ತಿ ಫಲ ಸಿಗುವುದಿಲ್ಲ.

ಇದು ಬರೀ ಪುಸ್ತಕದ ಮಾತಲ್ಲ. ಸ್ಕಾಟ್ಲೆಂಡ್‌ನ ಗ್ಲಾಸ್ಗೋ ಊರಿನ ವೈದ್ಯರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಸ್ತಮಾ ಇದ್ದವರಿಗೆ ದಿನಕ್ಕೆ 40 ಮಿಲಿಗ್ರಾಂ ಸ್ಟಿರಾಯ್ಡ್ ಮಾತ್ರೆಯನ್ನು ಎರಡು ವಾರ ಕೊಟ್ಟು ನೋಡಿದರು. ಇದು ಸಣ್ಣ ಡೋಸ್ ಅಲ್ಲ. ಸಿಗರೇಟು ಸೇದದವರ ಉಸಿರಿನ ಬಲ ಚೆನ್ನಾಗಿ ಏರಿತು. ಸೇದುವವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲೇ ಇಲ್ಲ. ಮಾತ್ರೆಗೇ ಹೀಗಾದರೆ, ಮೈಕ್ರೋಗ್ರಾಂ ಲೆಕ್ಕದ ಇನ್‌ಹೇಲರ್ ಏನು ಮಾಡೀತು? ಇನ್ನೂ ಒಂದು ವಿಷಯ ಹೇಳಲೇಬೇಕು. ಅಸ್ತಮಾ ಔಷಧಿಗಳ ದೊಡ್ಡ ದೊಡ್ಡ ಪರೀಕ್ಷೆಗಳಲ್ಲಿ ಹೆಚ್ಚಿನವು ಸೇದುವವರನ್ನು ಸೇರಿಸಿಕೊಳ್ಳುವುದೇ ಇಲ್ಲ. ಈ ಔಷಧಿ ಇಷ್ಟು ಗುಣ ಕೊಡುತ್ತದೆ ಅಂತ ನಾವು ಡಾಕ್ಟರುಗಳು ಓದುವುದೆಲ್ಲ ಬಹುಪಾಲು ಸೇದದವರ ಮೇಲಿನ ಲೆಕ್ಕ.

ಹಾಗಂತ ಇವತ್ತೇ ಇನ್‌ಹೇಲರ್ ಬಿಟ್ಟುಬಿಡಬೇಡಿ. ಬೀಡಿ ಸೇದುತ್ತಿದ್ದರೂ ಅದು ಸ್ವಲ್ಪವಾದರೂ ಕಾಪಾಡುತ್ತಿದೆ. ಜಗತ್ತಿನಲ್ಲಿ ಅಸ್ತಮಾದಿಂದ ಸಾಯುವವರಲ್ಲಿ ಶೇಕಡ 40ಕ್ಕೂ ಹೆಚ್ಚು ಜನ ಭಾರತದವರು ಅಂತ ಅಂದಾಜಿದೆ. ಅದಕ್ಕೆ ಒಂದು ಮುಖ್ಯ ಕಾರಣ, ಇನ್‌ಹೇಲರ್ ಅಭ್ಯಾಸ ಆಗಿಬಿಡುತ್ತದೆ ಅನ್ನುವ ಭಯ. ಉಬ್ಬಸ ಜೋರಾದಾಗ ಒಂದು ಇಂಜೆಕ್ಷನ್ ಹಾಕಿಸಿಕೊಂಡು, ಎರಡು ದಿನ ಆರಾಮಾಗಿ, ಮತ್ತೆ ಅದೇ ದಾರಿ. ಹೀಗೆ ವರ್ಷಗಟ್ಟಲೆ ನೂಕಿದವರನ್ನು ನಾನು ದಿನಾ ನೋಡುತ್ತೇನೆ. ಅಭ್ಯಾಸ ಆಗುವುದು ಬೀಡಿಯ ನಿಕೋಟಿನ್, ಇನ್‌ಹೇಲರ್ ಅಲ್ಲ. ಮುಂದಿನ ಸಲ ಹೋದಾಗ ನಿಮ್ಮ ಡಾಕ್ಟರ ಎದುರೇ ಇನ್‌ಹೇಲರ್ ಎಳೆದು ತೋರಿಸಿ. ಉಸಿರು ಪೂರ್ತಿ ಹೊರಗೆ ಬಿಟ್ಟು, ಆಮೇಲೆ ಒಳಗೆಳೆದು, ಹತ್ತು ಎಣಿಸುವ ತನಕ ಹಿಡಿಯಬೇಕು. ನಂತರ ಬಾಯಿ ಮುಕ್ಕಳಿಸಬೇಕು. ಎಳೆಯುವ ರೀತಿ ತಪ್ಪಾಗಿ ಔಷಧಿ ಬಾಯಲ್ಲೇ ಉಳಿಯುವುದೂ ಬಹಳ ಕಡೆ ನಡೆಯುತ್ತದೆ.

ಈಗ ಬೆಳಗಿನ ಬೀಡಿ. ಎದೆ ಹಗುರ ಆಗುತ್ತದೆ ಅನ್ನುವುದು ಸುಳ್ಳಲ್ಲ, ನಿಮಗೆ ನಿಜವಾಗಿ ಹಾಗೆ ಅನ್ನಿಸುತ್ತದೆ. ಆದರೆ ಕಾರಣ ಬೇರೆ. ನಮ್ಮ ಉಸಿರಿನ ಕೊಳವೆಯ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲಿನಂಥ ಎಳೆಗಳಿವೆ, ಸಿಲಿಯಾ ಅಂತ. ಕಸ ಗುಡಿಸಿ ಬಾಗಿಲ ಕಡೆ ತಳ್ಳುವ ಪೊರಕೆಯ ಹಾಗೆ ಅವು ಕಫವನ್ನೂ ಧೂಳನ್ನೂ ಗಂಟಲ ಕಡೆ ತಳ್ಳುತ್ತಿರುತ್ತವೆ. ಹೊಗೆ ಅವನ್ನು ಜಡ ಮಾಡುತ್ತದೆ. ರಾತ್ರಿ ಏಳೆಂಟು ಗಂಟೆ ಬೀಡಿ ಇಲ್ಲದಿದ್ದಾಗ ಅವು ಸ್ವಲ್ಪ ಚೇತರಿಸಿಕೊಂಡು ಕಫವನ್ನು ಮೇಲೆ ತಂದಿರುತ್ತವೆ. ಎದ್ದ ಮೇಲೆ ಬೀಡಿ ಇಲ್ಲದಿದ್ದರೂ ಆ ಕಫ ಬರುತ್ತದೆ. ಹೊಗೆ ಗಂಟಲಿಗೆ ಕೆರೆದು ಕೆಮ್ಮು ತರಿಸಿ ಅದನ್ನು ಬೇಗ ಹೊರಹಾಕುತ್ತದೆ ಅಷ್ಟೆ. ಇನ್ನೊಂದು ಕಡೆ, ರಾತ್ರಿಯೆಲ್ಲ ನಿಕೋಟಿನ್ ಇಳಿದು ಮೈ ಚಡಪಡಿಸುತ್ತಿರುತ್ತದೆ. ಮೊದಲ ಬೀಡಿ ಆ ಚಡಪಡಿಕೆಗೆ ಸಮಾಧಾನ ಕೊಡುತ್ತದೆ. ಅದನ್ನೇ ಎದೆ ಹಗುರ ಆಯಿತು ಅಂದುಕೊಳ್ಳುತ್ತೀರಿ. ನಾಳೆ ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ಬಿಸಿನೀರು ಕುಡಿದು, ಇನ್‌ಹೇಲರ್ ಎಳೆದು, ಅರ್ಧ ಗಂಟೆ ಕಾದು ನೋಡಿ. ಕಫ ತಾನಾಗಿ ಬರುತ್ತದೆ.

ನಮ್ಮ ಕಡೆ ಹಳಬರು ಉಬ್ಬಸಕ್ಕೆ ದತ್ತೂರಿ ಎಲೆ ಒಣಗಿಸಿ ಸೇದುತ್ತಿದ್ದದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಹೊಗೆ ಎಳೆದರೆ ದಮ್ಮು ಇಳಿಯುತ್ತದೆ ಅನ್ನುವ ನಂಬಿಕೆಗೆ ಆ ಪದ್ಧತಿಯೂ ಒಂದು ಕಾರಣ ಇರಬೇಕು ಅಂತ ನನಗನ್ನಿಸುತ್ತದೆ. ದತ್ತೂರಿಯಲ್ಲಿ ಅಟ್ರೊಪಿನ್ ಇದೆ, ಅದು ಉಸಿರಿನ ಕೊಳವೆ ಸಡಿಲಿಸುವುದು ನಿಜ. 1800ರ ಆಸುಪಾಸಿನಲ್ಲಿ ಮದ್ರಾಸಿನಲ್ಲಿದ್ದ ಬ್ರಿಟಿಷರ ಮೂಲಕ ಈ ಮದ್ದು ಇಂಗ್ಲೆಂಡಿಗೂ ಹೋಯಿತು. ಆಮೇಲೆ ಯೂರೋಪಿನಲ್ಲಿ ಅಸ್ತಮಾ ಸಿಗರೇಟು ಅಂತ ಅಂಗಡಿಗಳಲ್ಲೇ ಮಾರಿದರು. ಈಗಿನ ಇಪ್ರಟ್ರೋಪಿಯಂ, ಟಯೋಟ್ರೋಪಿಯಂ ಇನ್‌ಹೇಲರ್‌ಗಳು ಅದೇ ಜಾತಿಯ ಔಷಧಿ. ಆದರೆ ಅವುಗಳಲ್ಲಿ ಹೊಗೆ ಇಲ್ಲ, ಡೋಸ್ ಅಳತೆಯಲ್ಲಿದೆ. ದತ್ತೂರಿ ಎಲೆಯಲ್ಲಿ ವಿಷ ಎಷ್ಟಿದೆ ಅಂತ ಯಾರೂ ಅಳೆಯಲಾರರು. ಸೇದುವುದಾಗಲಿ, ಕಷಾಯ ಮಾಡುವುದಾಗಲಿ ಬೇಡವೇ ಬೇಡ. ತಂಬಾಕಿನಲ್ಲಂತೂ ಅಂಥ ಗುಣ ಏನೂ ಇಲ್ಲ.

ಸಿಗರೇಟಿಗೆ ಬದಲಾಯಿಸಿದರೆ ಸಾಕಾ ಅಂದಿರಿ. ಸಾಲದು. ಬೀಡಿಯಲ್ಲಿ ತಂಬಾಕು ಸಿಗರೇಟಿಗಿಂತ ಎಷ್ಟೋ ಕಡಿಮೆ. ಆದರೆ ಅದನ್ನು ಸುತ್ತಿದ ಎಲೆ ತಾನಾಗಿ ಉರಿಯದು. ಆರಬಾರದು ಅಂದರೆ ಪದೇ ಪದೇ ಜೋರಾಗಿ ಎಳೆಯಬೇಕು. ಹಾಗಾಗಿ ಒಳಗೆ ಹೋಗುವ ಟಾರ್, ಕಾರ್ಬನ್ ಮಾನಾಕ್ಸೈಡ್ ಸಿಗರೇಟಿನಷ್ಟೇ ಇರುತ್ತದೆ, ಕೆಲವೊಮ್ಮೆ ಜಾಸ್ತಿ. ಫಿಲ್ಟರ್ ಸಿಗರೇಟಿಗೆ ಬದಲಾಯಿಸಿದವರು ಮೈಗೆ ಬೇಕಾದಷ್ಟು ನಿಕೋಟಿನ್ ಸಿಗುವ ತನಕ ಇನ್ನೂ ಆಳಕ್ಕೆ ಎಳೆಯುತ್ತಾರೆ. ಹದಿನೈದರಿಂದ ಐದಕ್ಕೆ ಇಳಿಸುತ್ತೇನೆ ಅನ್ನುವುದೂ ಅಷ್ಟೆ. ದಿನಕ್ಕೆ ಐದಕ್ಕಿಂತ ಕಡಿಮೆ ಸೇದುವವರ ಶ್ವಾಸಕೋಶವೂ ಸೇದದವರಿಗಿಂತ ಬೇಗ ಸವೆಯುತ್ತದೆ ಅಂತ ಅಮೆರಿಕದ ದೊಡ್ಡ ಅಧ್ಯಯನಗಳು ತೋರಿಸಿವೆ. ಇ-ಸಿಗರೇಟು 2019ರಿಂದ ನಮ್ಮ ದೇಶದಲ್ಲಿ ನಿಷೇಧ, ಆ ಮಾತೇ ಬೇಡ. ಬೀಡಿ ಬಿಟ್ಟು ಗುಟ್ಕಾ, ಜರ್ದಾ ಕಡೆ ತಿರುಗಿದವರೂ ನಮ್ಮಲ್ಲಿ ಬಹಳ. ಉಬ್ಬಸ ತಪ್ಪಿಸಿಕೊಳ್ಳಲು ಹೋಗಿ ಬಾಯಿ ಕ್ಯಾನ್ಸರ್ ತಂದುಕೊಳ್ಳಬೇಡಿ.

ಧೂಳಿನ ಪ್ರಶ್ನೆ ನ್ಯಾಯವಾದದ್ದು. ಅಕ್ಟೋಬರ್ ಬಂತೆಂದರೆ ಯಾರ್ಡ್‌ಗೆ ಮೆಕ್ಕೆಜೋಳ ಬಂದು ಬೀಳಲು ಶುರು. ಜೋಳದ ಹೊಟ್ಟು, ಬೂಷ್ಟಿನ ಕಣ, ಲಾರಿಗಳ ಹೊಗೆ ಎಲ್ಲ ಸೇರಿ ನಿಮ್ಮಂಥವರಿಗೆ ಕಷ್ಟದ ಕಾಲ. ಊರಿನ ಮಂಡಕ್ಕಿ ಭಟ್ಟಿಗಳ ಕಡೆ ಮನೆ ಇದ್ದರಂತೂ ಹೊಟ್ಟು ಉರಿಸುವ ಹೊಗೆ ಬೇರೆ. ಇದನ್ನೆಲ್ಲ ನೀವೊಬ್ಬರೇ ತಡೆಯಲು ಆಗದು. ಆದರೆ ಧೂಳು ಇದೆ ಅನ್ನುವುದು ಬೀಡಿ ಬಿಡಲು ಇನ್ನೂ ದೊಡ್ಡ ಕಾರಣ. ಮೇಲೆ ಹೇಳಿದ ಸಿಲಿಯಾ ಸರಿಯಾಗಿದ್ದರೆ ಒಳಗೆ ಹೋದ ಧೂಳಿನ ಬಹುಪಾಲು ಕಫದ ಜೊತೆ ಹೊರಬರುತ್ತದೆ. ಬೀಡಿ ಅವನ್ನು ಕೆಡಿಸಿದ ಮೇಲೆ ಅದೇ ಧೂಳು ಒಳಗೇ ಕೂರುತ್ತದೆ. ಪಕ್ಕದಲ್ಲಿ ಕೂತು ಕೆಲಸ ಮಾಡುವ, ಬೀಡಿ ಸೇದದ ಗೆಳೆಯ ಅದೇ ಧೂಳನ್ನು ನಿಮಗಿಂತ ಚೆನ್ನಾಗಿ ತಾಳಿಕೊಳ್ಳುವುದು ಇದಕ್ಕೇ. ಜೊತೆಗೆ ನಿಮ್ಮ ಮೇಜನ್ನು ಚೀಲ ಸುರಿಯುವ ಜಾಗದಿಂದ ಆದಷ್ಟು ದೂರಕ್ಕೆ ಹಾಕಿಸಿಕೊಳ್ಳಿ. ಕಸ ಗುಡಿಸುವ ಮೊದಲು ನೀರು ಚಿಮುಕಿಸಲು ಹೇಳಿ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಣ್ಣ ಧೂಳು ನಿಲ್ಲುವುದಿಲ್ಲ, ಎನ್-95 ಮಾಸ್ಕ್ ಬೇಕು.

ಶ್ವಾಸಕೋಶ ಸರಿಹೋಗುತ್ತಾ? ಇದಕ್ಕೆ ಹೌದು, ಇಲ್ಲ ಎರಡೂ ಉತ್ತರ ಇದೆ. ನಾವು ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆ ಅಂತ ಅಳೆಯುತ್ತೇವೆ. ವಯಸ್ಸಾದಂತೆ ಅದು ಎಲ್ಲರಿಗೂ ವರ್ಷ ವರ್ಷ ಸ್ವಲ್ಪ ಇಳಿಯುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸಾವಿರಾರು ಜನರನ್ನು 15 ವರ್ಷ ಗಮನಿಸಿ 1998ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಅಸ್ತಮಾ ಇಲ್ಲದವರಲ್ಲಿ ವರ್ಷಕ್ಕೆ 22 ಮಿಲಿಲೀಟರ್ ಇಳಿದರೆ, ಅಸ್ತಮಾ ಇದ್ದವರಲ್ಲಿ 38. ಅಸ್ತಮಾದ ಜೊತೆ ಸೇದುವ ಚಟವೂ ಇದ್ದರೆ ಇನ್ನೂ ಜಾಸ್ತಿ. ಒಂದು ವರ್ಷಕ್ಕೆ ಇದು ಗೊತ್ತೇ ಆಗುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತದೆ. ಹಾಗೆ ಸವೆದು ಹೋದ ಭಾಗ, ಗಾಳಿ ಚೀಲಗಳೇ ಹರಿದು ಹೋಗಿದ್ದರೆ ಆ ಭಾಗ, ಮರಳಿ ಬರುವುದಿಲ್ಲ.

ಆದರೆ ನಿಮ್ಮ ಈಗಿನ ಕಷ್ಟದಲ್ಲಿ ಎಲ್ಲವೂ ಸವೆತ ಅಲ್ಲ. ಒಂದು ಪಾಲು ಊತ, ಅದು ಇಳಿಯಬಲ್ಲದು. ಅದೇ ಗ್ಲಾಸ್ಗೋ ವೈದ್ಯರು 2006ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಚಿಕ್ಕ ಗುಂಪು, ಸಿಗರೇಟು ಸೇದುವ ಅಸ್ತಮಾ ರೋಗಿಗಳು. ಬಿಟ್ಟವರಲ್ಲಿ ಆರೇ ವಾರಕ್ಕೆ ಆ ಒಂದು ಸೆಕೆಂಡಿನ ಗಾಳಿ, ಸೇದುತ್ತಲೇ ಇದ್ದವರಿಗೆ ಹೋಲಿಸಿದರೆ, ಸರಾಸರಿ 400 ಮಿಲಿಲೀಟರ್‌ನಷ್ಟು ಏರಿತ್ತು. ನಿಮ್ಮ ವಯಸ್ಸಿನವರಿಗೆ ಇದು ದೊಡ್ಡ ಗಳಿಕೆ. ರಾತ್ರಿ ಎದ್ದು ಕೂರುವುದಕ್ಕೂ ನೆಮ್ಮದಿಯಾಗಿ ಮಲಗುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ ಇರಬಹುದು. ಸವೆತದ ವೇಗವೂ ಇಳಿಯುತ್ತದೆ. ಅಮೆರಿಕ, ಕೆನಡಾದಲ್ಲಿ ಸಿಒಪಿಡಿ (ಹೆಚ್ಚಾಗಿ ಹೊಗೆಯಿಂದ ಬರುವ, ಉಸಿರಿನ ಕೊಳವೆಗಳು ಶಾಶ್ವತವಾಗಿ ಕಿರಿದಾಗುವ ಕಾಯಿಲೆ) ಆಗತಾನೇ ಶುರುವಾಗಿದ್ದ ಜನರನ್ನು 11 ವರ್ಷ ನೋಡಿದಾಗ, ಸೇದುತ್ತಲೇ ಇದ್ದ ಗಂಡಸರಲ್ಲಿ ವರ್ಷಕ್ಕೆ 66 ಮಿಲಿಲೀಟರ್ ಇಳಿದರೆ, ಶುರುವಿನಲ್ಲೇ ಬಿಟ್ಟವರಲ್ಲಿ 30 ಇಳಿದಿತ್ತು.

ನಿಮ್ಮಲ್ಲಿ ಊತ ಎಷ್ಟು, ಸವೆತ ಎಷ್ಟು ಅಂತ ಸ್ಟೆತಸ್ಕೋಪ್ ಇಟ್ಟು ಹೇಳಲಾಗದು. ಅದಕ್ಕೆ ಊದುವ ಪರೀಕ್ಷೆ ಇದೆ, ಸ್ಪೈರೊಮೆಟ್ರಿ. ಒಮ್ಮೆ ಊದಿಸಿ, ಕೊಳವೆಯನ್ನು ಬೇಗ ಸಡಿಲಿಸುವ ಸಾಲ್ಬ್ಯುಟಮಾಲ್ ಔಷಧಿ ಎಳೆಸಿ, ಸ್ವಲ್ಪ ಹೊತ್ತಿನ ನಂತರ ಮತ್ತೆ ಊದಿಸುತ್ತಾರೆ. ಶೇಕಡ 12 ಮತ್ತು 200 ಮಿಲಿಲೀಟರ್‌ಗಿಂತ ಜಾಸ್ತಿ ಏರಿದರೆ ಅಸ್ತಮಾದ ಪಾಲು ಸಾಕಷ್ಟು ಇದೆ ಅಂತ ಅರ್ಥ. ಇಪ್ಪತ್ತು ವರ್ಷ ಬೀಡಿ ಸೇದಿದ ನಿಮಗೆ ಅಸ್ತಮಾದ ಜೊತೆ ಸಿಒಪಿಡಿಯೂ ಸೇರಿಕೊಂಡಿದೆಯಾ ಅಂತ ನೋಡಲೇಬೇಕು. ದಾವಣಗೆರೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಎದೆರೋಗ ವಿಭಾಗದಲ್ಲಿ ಕೇಳಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 97 ತೋರಿಸಿತು ಅಂತ ಸಮಾಧಾನ ಪಡಬೇಡಿ. ಬೀಡಿಯಿಂದ ರಕ್ತಕ್ಕೆ ಸೇರಿದ ಕಾರ್ಬನ್ ಮಾನಾಕ್ಸೈಡನ್ನೂ ಆ ಯಂತ್ರ ಆಕ್ಸಿಜನ್ ಅಂತಲೇ ಲೆಕ್ಕ ಹಾಕುತ್ತದೆ.

ಇನ್ನು ಬಿಡುವ ವಿಷಯ. ಇಲ್ಲಿ ನಿಮಗೆ ಮಾತ್ರ ಹೇಳಬೇಕಾದ ಒಂದು ಎಚ್ಚರಿಕೆ ಇದೆ, ದಯವಿಟ್ಟು ಗಮನ ಕೊಟ್ಟು ಓದಿ. ಡೆರಿಫಿಲಿನ್‌ನಲ್ಲಿ ಥಿಯೋಫಿಲಿನ್ ಇದೆ. ತಂಬಾಕಿನ ಹೊಗೆ ಲಿವರ್‌ನ ಒಂದು ಕಿಣ್ವವನ್ನು ಚುರುಕು ಮಾಡಿ ಥಿಯೋಫಿಲಿನ್ ಬೇಗ ಕರಗಿ ಹೋಗುವ ಹಾಗೆ ಮಾಡುತ್ತದೆ. ಬೀಡಿ ನಿಲ್ಲಿಸಿದ ಒಂದು ವಾರದ ಒಳಗೇ ಆ ಚುರುಕು ಇಳಿಯುತ್ತದೆ. ಮಾತ್ರೆ ಅಷ್ಟೇ ನುಂಗಿದರೂ ರಕ್ತದಲ್ಲಿ ಔಷಧಿ ಏರುತ್ತದೆ. ಆಗ ಹೊಟ್ಟೆ ತೊಳಸುವುದು, ಎದೆ ಡವಡವ, ಕೈ ನಡುಕ, ನಿದ್ದೆ ಬಾರದಿರುವುದು ಕಾಣುತ್ತದೆ. ತೀರಾ ಹೆಚ್ಚಾದರೆ ಫಿಟ್ಸ್ ಕೂಡ ಬರಬಹುದು. ಜನ ಇದನ್ನು ಬೀಡಿ ಬಿಟ್ಟದ್ದು ಮೈಗೆ ಒಗ್ಗಲಿಲ್ಲ ಅಂತ ತಿಳಿದು ಮತ್ತೆ ಹಚ್ಚುತ್ತಾರೆ. ಅದಕ್ಕೇ ಬಿಡುವ ದಿನ ಗೊತ್ತುಮಾಡಿದ ಕೂಡಲೇ ನಿಮ್ಮ ಡಾಕ್ಟರಿಗೆ ತಿಳಿಸಿ, ಡೋಸ್ ಇಳಿಸಬೇಕಾ ಅಂತ ಕೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಚಟ ಬಿಡಿಸಲು ಕೊಡುವ ಬುಪ್ರೊಪಿಯಾನ್ ಮಾತ್ರೆಯನ್ನು ಥಿಯೋಫಿಲಿನ್ ಜೊತೆ ಕೊಡುವಾಗಲೂ ಫಿಟ್ಸ್ ಭಯ ಇರುತ್ತದೆ. ಹಾಗಾಗಿ ಏನೇನು ಮಾತ್ರೆ ನುಂಗುತ್ತಿದ್ದೀರಿ ಅಂತ ಎಲ್ಲವನ್ನೂ ಹೇಳಿ.

ದಿನಕ್ಕೆ ಒಂದೊಂದು ಕಡಿಮೆ ಮಾಡುವುದಕ್ಕಿಂತ, ಒಂದು ದಿನ ಗೊತ್ತುಮಾಡಿ ಪೂರ್ತಿ ನಿಲ್ಲಿಸುವವರು ಹೆಚ್ಚು ಗೆಲ್ಲುತ್ತಾರೆ. ಬರೀ ಮನಸ್ಸಿನ ಬಲದ ಮೇಲೆ ಬಿಡಬೇಕು ಅಂತ ಹಟ ಬೇಡ. ನಿಕೋಟಿನ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, 2 ಮತ್ತು 4 ಮಿಲಿಗ್ರಾಂ. ಎದ್ದ ಅರ್ಧ ಗಂಟೆ ಒಳಗೆ ಮೊದಲ ಬೀಡಿ ಹಚ್ಚುವವರಾದರೆ 4 ಬೇಕಾಗಬಹುದು, ಡಾಕ್ಟರನ್ನು ಕೇಳಿ. ಅದನ್ನು ಬಬಲ್ ಗಮ್ ತರಹ ಜಗಿಯುತ್ತಾ ಇರಬಾರದು. ನಿಧಾನಕ್ಕೆ ಜಗಿದು, ಬಾಯಿ ಚುರುಚುರು ಅಂದಾಗ ನಿಲ್ಲಿಸಿ ಕೆನ್ನೆಯ ಒಳಗೆ ಇಟ್ಟುಕೊಳ್ಳಬೇಕು. ಚುರುಚುರು ಹೋದಮೇಲೆ ಮತ್ತೆ ಜಗಿಯಬೇಕು. ಗಮ್ ಹಾಕುವ ಕಾಲು ಗಂಟೆ ಮೊದಲಿನಿಂದ ಚಾ, ಕಾಫಿ ಬೇಡ, ನಿಕೋಟಿನ್ ಹೀರಿಕೊಳ್ಳುವುದಿಲ್ಲ. ಗಮ್‌ಗಿಂತ ಬಲವಾದ ವರೆನಿಕ್ಲಿನ್ ಎಂಬ ಮಾತ್ರೆಯೂ ಇದೆ, ಅದಕ್ಕೆ ಡಾಕ್ಟರ ಚೀಟಿ ಬೇಕು.

ಮೊದಲ ವಾರ ಕಷ್ಟ. ಸಿಡುಕು, ತಲೆನೋವು, ಏನೋ ಕಳೆದುಕೊಂಡ ಹಾಗೆ. ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತದೆ. ಸಂಜೆ ಯಾರ್ಡ್ ಮುಗಿಸಿ ಮಂಡಕ್ಕಿ ಮೆಣಸಿನಕಾಯಿ ತಿಂದು ಚಾ ಕುಡಿದಮೇಲೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಅಲ್ವಾ? ಆ ಹೊತ್ತೇ ನಿಜವಾದ ಪರೀಕ್ಷೆ. ಕೆಲವು ವಾರ ಆ ಅಂಗಡಿ, ಆ ಗುಂಪು ತಪ್ಪಿಸಿ, ಚಾ ಮನೆಯಲ್ಲೇ ಕುಡಿಯಿರಿ. ಕೆಮ್ಮು ಕಫ ಶುರುವಿನಲ್ಲಿ ಜಾಸ್ತಿ ಆಗಬಹುದು. ಸಿಲಿಯಾ ಮತ್ತೆ ಎದ್ದು ಕೆಲಸ ಶುರು ಮಾಡಿದ್ದಕ್ಕೆ ಹಾಗಾಗುತ್ತದೆ, ಹೆದರಬೇಡಿ. ಮಾತಾಡಿ ಧೈರ್ಯ ತೆಗೆದುಕೊಳ್ಳಬೇಕು ಅನ್ನಿಸಿದರೆ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-11-2356. ಕನ್ನಡದಲ್ಲೂ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ಕೇಂದ್ರದ ಬಗ್ಗೆ ವಿಚಾರಿಸಿ. ನಡುವೆ ಒಂದು ದಿನ ಸೇದಿಬಿಟ್ಟರೆ ಎಲ್ಲ ಹೋಯಿತು ಅಂತ ಕೈಚೆಲ್ಲಬೇಡಿ. ಮೊದಲ ಸಲಕ್ಕೇ ಬಿಟ್ಟವರು ಕಡಿಮೆ. ಮರುದಿನದಿಂದಲೇ ಮತ್ತೆ ಶುರು ಮಾಡಿ.

ಒಂದು ತಿಂಗಳಲ್ಲಿ ಆರಾಮ ಅನ್ನಿಸಿದಾಗ ಇನ್‌ಹೇಲರ್ ಮೂಲೆಗೆ ಇಡುವ ಮನಸ್ಸಾಗುತ್ತದೆ. ಬೇಡ. ಔಷಧಿ ಸರಿಯಾಗಿ ಹಿಡಿಯಲು ಶುರುವಾಗುವುದೇ ಆಗ. ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಊದುವ ಪರೀಕ್ಷೆ ಮಾಡಿಸಿ. ಡೋಸ್ ಇಳಿಸಬಹುದಾ ಅಂತ ಡಾಕ್ಟ್ರೇ ನೋಡುತ್ತಾರೆ. ಅಲ್ಲಿಯ ತನಕ ಯಾವತ್ತಾದರೂ ಒಂದು ವಾಕ್ಯ ಪೂರ್ತಿ ಹೇಳಲು ಆಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಗಟ್ಟಿದರೆ, ಬೆಳಗಾಗಲಿ ಅಂತ ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಗಾಡಿ ಬರುವ ತನಕ ಕೂತುಕೊಂಡೇ ಇರಿ. ಸಾಲ್ಬ್ಯುಟಮಾಲ್ ಇನ್‌ಹೇಲರ್ ಇದ್ದರೆ ಸ್ಪೇಸರ್ (ಅದರ ಬಾಯಿಗೆ ಜೋಡಿಸುವ ಪ್ಲಾಸ್ಟಿಕ್ ಡಬ್ಬಿ) ಹಾಕಿ ಒಂದೊಂದಾಗಿ ನಾಲ್ಕು ಸಲ ಎಳೆಯಿರಿ.

ಕೊನೆಗೆ ಮಗಳ ವಿಷಯ. ತಂದೆಗೆ ಅಸ್ತಮಾ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೇಗೂ ಜಾಸ್ತಿ. ಮನೆಯಲ್ಲಿ ಹೊಗೆಯೂ ಇದ್ದರೆ ಅದು ಇನ್ನೂ ಏರುತ್ತದೆ. ಕಿಟಕಿ ಪಕ್ಕ, ಹಿತ್ತಲಲ್ಲಿ ಸೇದುತ್ತೇನೆ ಅಂದರೂ ಪೂರ್ತಿ ತಪ್ಪುವುದಿಲ್ಲ. ಹೊಗೆ ಒಳಗೆ ಬರುತ್ತದೆ, ಬಟ್ಟೆಗೂ ಹಾಸಿಗೆಗೂ ಅಂಟಿಕೊಳ್ಳುತ್ತದೆ. ನೀವು ಪೂರ್ತಿ ಬಿಡುವ ತನಕವಾದರೂ ಮನೆ ಒಳಗೆ, ಹಿತ್ತಲಲ್ಲಿ, ಬೈಕಿನ ಮೇಲೆ ಮಗಳ ಜೊತೆ ಇರುವಾಗ ಬೀಡಿ ಹಚ್ಚಲೇಬೇಡಿ. ಅವಳು ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿ, ಊದುಬತ್ತಿ ಬೇಡ, ಸೊಳ್ಳೆಪರದೆ ಕಟ್ಟಿ. ರಾತ್ರಿ ಬರುವ ಕೆಮ್ಮು, ಓಡಿದಾಗ ಬರುವ ಕೆಮ್ಮು ಎರಡೂ ಮಕ್ಕಳಲ್ಲಿ ಅಸ್ತಮಾದ ಮೊದಲ ಲಕ್ಷಣ ಆಗಿರಬಹುದು. ಔಷಧಿ ಅಂಗಡಿಯ ಸಿರಪ್ ಕುಡಿಸುತ್ತಾ ದಿನ ತಳ್ಳದೆ ಮಕ್ಕಳ ಡಾಕ್ಟರಿಗೆ ತೋರಿಸಿ. 9 ವರ್ಷದ ಮಗು ಊದುವ ಪರೀಕ್ಷೆಯನ್ನು ಆರಾಮಾಗಿ ಮಾಡುತ್ತದೆ. ನಿಮ್ಮ ಪರೀಕ್ಷೆಗೆ ಹೋಗುವ ದಿನವೇ ಅವಳನ್ನೂ ಕರೆದುಕೊಂಡು ಹೋಗಿ. ನೀವು ಬೀಡಿ ಸೇದುವ ವಿಷಯವನ್ನು ಅವಳ ಡಾಕ್ಟರಿಗೂ ಮುಚ್ಚಿಡದೆ ಹೇಳಿ.